ಮಾರ್ಚ್ ತಿಂಗಳ ಎದೆಬಡಿತ

ಫೆಬ್ರವರಿಯ ಒಂದು ಭಾನುವಾರ ಸಂಜೆ ಕಲಬುರಗಿಯಲ್ಲಿ ಪಾಲಕರು, ಶಿಕ್ಷಕರು ಮತ್ತು ನೌಕರರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತನಾಡುವಾಗ ಬಾಯಿತಪ್ಪಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಗೌರವಾನ್ವಿತರೆ,

2025ರ ಮಾರ್ಚ್ ತಿಂಗಳ ಕೊನೆಯ ದಿನಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಗೆಂದು ಬಂದ ನೆಂಟರು ಇನ್ನೂ ಪೂರ್ತಿ ಊರು ಬಿಟ್ಟಿರಲಿಲ್ಲ. ಅಷ್ಟರಲ್ಲಿ 21ನೆಯ ತಾರೀಖಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಗಿ ಏಪ್ರಿಲ್ 4ರವರೆಗೆ ನಡೆಯಿತು. 30ಕ್ಕೆ ಯುಗಾದಿ ಬಂತು, 31ಕ್ಕೆ ರಂಜಾನ್ ಹಬ್ಬ ಬಂತು. ಆ 31 ಆರ್ಥಿಕ ವರ್ಷದ ಕೊನೆಯ ದಿನವೂ ಆಗಿದ್ದುದರಿಂದ ಸರಕಾರಿ ವಹಿವಾಟು ನೋಡಿಕೊಳ್ಳುವ ಬ್ಯಾಂಕುಗಳು ಹಬ್ಬದ ದಿನವೂ ಬಾಗಿಲು ತೆರೆದಿದ್ದವು. ಬೆಳಗ್ಗೆ ಮಗಳನ್ನು ಪರೀಕ್ಷಾ ಕೇಂದ್ರಕ್ಕೆ ಬಿಟ್ಟು, ಕಚೇರಿಗೆ ಹೋಗಿ ಬಿಲ್ಲು ಪಾಸು ಮಾಡಿಸಿ, ಸಂಜೆ ಹಬ್ಬದ ಸಂತೆ ಮಾಡಿಕೊಂಡು, ರಾತ್ರಿ ಫ್ಯಾನಿನ ಕೆಳಗೆ ಬೆವರುತ್ತ ಮಲಗಿ ನಿದ್ದೆ ಬಾರದೆ ಹೊರಳಾಡಿದವರು ಈ ಸಭೆಯಲ್ಲೇ ಅನೇಕರು ಇದ್ದೀರಿ. ನಾನೂ ಅವರಲ್ಲಿ ಒಬ್ಬಳು. ಮನಃಶಾಸ್ತ್ರವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಲಿಸಿದ್ದೇನೆ, ವಿದ್ಯಾರ್ಥಿಗಳಿಗೆ ಆಪ್ತಸಲಹೆಯನ್ನೂ ನೀಡುತ್ತೇನೆ. ಆದರೂ ಮಾರ್ಚ್ ನನ್ನನ್ನು ಬಿಟ್ಟಿಲ್ಲ.

ಆಪ್ತಸಲಹೆಯ ಕೋಣೆಗೆ ಬರುವ ಯಾರೂ ‘ನನಗೆ ಆತಂಕವಾಗಿದೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ಎದಿ ಡವಡವ ಅನ್ಲತ್ತದ್ರಿ’ ಎನ್ನುತ್ತಾರೆ, ‘ಹೊಟ್ಟ್ಯಾಗ ಏನೋ ಕಲಸಿದಂಗ ಆಗ್ತದ್ರಿ’ ಎನ್ನುತ್ತಾರೆ, ‘ಮನಸ್ಸಿಗಿ ಸಮಾಧಾನ ಇಲ್ರಿ’ ಎನ್ನುತ್ತಾರೆ. ದಖನಿ ಮಾತನಾಡುವ ಮನೆಗಳ ಮಕ್ಕಳು ‘ಘಬರಾಟ್’ ಎನ್ನುತ್ತಾರೆ. ಈ ಮಾತುಗಳೆಲ್ಲ ಮೈಯಿಂದ ಶುರುವಾಗುತ್ತವೆ ಎಂಬುದನ್ನು ಗಮನಿಸಬೇಕು. ನಮ್ಮ ಜನ ಶಾಸ್ತ್ರ ಓದದೆಯೇ ಸರಿಯಾದ ಜಾಗವನ್ನು ಮುಟ್ಟಿ ತೋರಿಸುತ್ತಿದ್ದಾರೆ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳು ಮೂತ್ರಪಿಂಡದ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಹರಿಸುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ತೋಳು ತೊಡೆಗಳ ಕಡೆಗೆ ಓಡುತ್ತದೆ, ಅಂಗೈ ಬೆವರುತ್ತದೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇದನ್ನು ಕಾದಾಟಕ್ಕೋ ಓಟಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಎಂದು ವಿವರಿಸಿದ. ಹೊಲದಲ್ಲಿ ಹಾವು ಕಂಡಾಗ ಈ ಸಿದ್ಧತೆ ಜೀವ ಉಳಿಸುತ್ತದೆ. ಗಣಿತದ ಪ್ರಶ್ನೆಪತ್ರಿಕೆಯ ಮುಂದೆ ಕುಳಿತ ಹುಡುಗ ಕಾದಾಡುವಂತಿಲ್ಲ, ಓಡುವಂತೆಯೂ ಇಲ್ಲ. ಹೀಗಾಗಿ ಅವನಿಗೆ ಉಳಿಯುವುದು ಹೊಟ್ಟೆ ಕಲಸುವುದೊಂದೇ.

ಹಾಗೆಂದು ಆತಂಕವೆಲ್ಲ ಕೆಟ್ಟದ್ದಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಸಂಶೋಧಕರು ಇಲಿಗಳಿಗೆ ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸ ಕಲಿಸುವ ಪ್ರಯೋಗ ಮಾಡಿದರು; ತಪ್ಪು ಪೆಟ್ಟಿಗೆಗೆ ಹೋದ ಇಲಿಗೆ ಸಣ್ಣದೊಂದು ವಿದ್ಯುತ್ ಶಾಕ್ ತಗಲುತ್ತಿತ್ತು. ವ್ಯತ್ಯಾಸ ಸುಲಭವಾಗಿದ್ದಾಗ ಶಾಕ್ ಜೋರಾದಷ್ಟೂ ಕಲಿಕೆ ಬೇಗ ಆಯಿತು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಮಾತ್ರ ಶಾಕ್ ಒಂದು ಹದ ಮೀರಿದೊಡನೆ ಇಲಿಗಳು ತಡವರಿಸತೊಡಗಿದವು. ಇಲಿಗಳಿಂದ ಮನುಷ್ಯರಿಗೆ ನೇರವಾಗಿ ಜಿಗಿಯಬಾರದೆಂದು ನಾನೇ ವಿದ್ಯಾರ್ಥಿಗಳಿಗೆ ಎಚ್ಚರಿಸುತ್ತೇನೆ. ಆದರೂ ಮನೆಯಲ್ಲಿ ನೋಡುತ್ತೇವಲ್ಲ: ಅಂಗಳ ಗುಡಿಸುವ ಕೆಲಸ ಬೈಗುಳದ ಭಯಕ್ಕೆ ಬೇಗ ಮುಗಿದೀತು, ಬೀಜಗಣಿತದ ಲೆಕ್ಕ ಮುಗಿಯುವುದಿಲ್ಲ.

ಈಗ ನಾನು ಹೇಳಬೇಕೆಂದು ಬಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಗಡಿಬಿಡಿ ಬೇರೆ, ಆತಂಕ ಬೇರೆ. ನಾವು ಎರಡನ್ನೂ ‘ಟೆನ್ಶನ್’ ಎಂಬ ಒಂದೇ ಚೀಲದಲ್ಲಿ ತುಂಬಿಬಿಟ್ಟಿದ್ದೇವೆ. ಗಡಿಬಿಡಿ ಎಂಬುದು ಕೈಯಲ್ಲಿರುವ ಕೆಲಸಗಳ ದಟ್ಟಣೆ. ಅದು ದಣಿಸುತ್ತದೆ, ದಣಿದವರು ಮಲಗುತ್ತಾರೆ. ಆತಂಕ ಬಹುಮಟ್ಟಿಗೆ ಹುಟ್ಟುವುದು ಕೈ ಹಾಕದೆ ಬಿಟ್ಟ ಕೆಲಸದಿಂದ, ತೆರೆಯದ ಪುಸ್ತಕದಿಂದ, ಕೇಳಬೇಕೆಂದು ಕೇಳದೆ ಉಳಿದ ಸಾಲದಿಂದ, ಎತ್ತದೆ ಬಿಟ್ಟ ಫೋನ್ ಕರೆಯಿಂದ. ಅದು ದಣಿಸುತ್ತದೆ, ಆದರೆ ಮಲಗಗೊಡುವುದಿಲ್ಲ.

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ಹಿರಿಯ ಹೆಣ್ಣುಮಗಳಿದ್ದಾಳೆ. ಜಾತ್ರೆ ಮುಗಿದು ಮದುವೆಯ ಸುಗ್ಗಿ ಶುರುವಾಯಿತೆಂದರೆ ಅವಳಿಗೂ, ಅವಳ ಜೊತೆ ಕೂಡುವ ನಾಲ್ವರು ಹೆಂಗಸರಿಗೂ ಬಿಡುವೆಂಬುದಿಲ್ಲ. ಐನೂರು, ಸಾವಿರ ಕಟಿ ರೊಟ್ಟಿಯ ಆರ್ಡರುಗಳು ಒಂದರ ಮೇಲೊಂದು ಬರುತ್ತವೆ. ಒಮ್ಮೆ ಅವಳ ಮನೆಗೆ ಹೋದಾಗ ಒಲೆಯ ಬದಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಗೆರೆಗಳನ್ನು ಕಂಡೆ. ಒಂದು ಉದ್ದ ಗೆರೆ ಎಂದರೆ ನೂರು ರೊಟ್ಟಿ, ಪಕ್ಕದಲ್ಲಿ ತಾರೀಖು, ತಾರೀಖಿನ ಪಕ್ಕದಲ್ಲಿ ಹೆಸರಿನ ಬದಲು ಗುರುತು: ಒಂದು ಮನೆಗೆ ಬೇವಿನ ಗಿಡ, ಒಂದು ಮನೆಗೆ ಟ್ರ್ಯಾಕ್ಟರ್. ಇಷ್ಟೊಂದು ಆರ್ಡರು ಹಿಡಿದುಕೊಂಡು ರಾತ್ರಿ ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದೆ. ಹಿಟ್ಟು ನಾದುವುದನ್ನು ನಿಲ್ಲಿಸದೆಯೇ ಹೇಳಿದಳು: ‘ಗ್ವಾಡಿಗಿ ಬರದಿಟ್ಟ ಮ್ಯಾಲ ಅದು ಗ್ವಾಡಿ ಕೆಲಸ ಆಯ್ತು ಅಕ್ಕೋರ, ನಾ ಯಾಕ ರಾತ್ರೆಲ್ಲ ನೆಪ್ಪಿಟ್ಕೊಂಡು ಕೂಡ್ಲಿ?’ ಮುಗಿಯದ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಎಳೆಯುತ್ತದೆ, ಅದಕ್ಕೊಂದು ದಿನ ಮತ್ತು ದಾರಿಯನ್ನು ಗೊತ್ತುಮಾಡಿ ಬರೆದಿಟ್ಟರೆ ಆ ಎಳೆತ ತಗ್ಗುತ್ತದೆ ಎಂದು ನಾನು ತರಗತಿಯಲ್ಲಿ ಅರ್ಧ ಗಂಟೆ ಹೇಳುವ ಪಾಠ ಅದು.

ಇದಕ್ಕೆ ಎದುರಾದ ಉದಾಹರಣೆಯೊಂದನ್ನು ನನ್ನ ಮನೆಯಿಂದಲೇ ಕೊಡುತ್ತೇನೆ. ಕೆಲವು ವರ್ಷಗಳ ಹಿಂದಿನ ಒಂದು ಮಾರ್ಚ್‌ನಲ್ಲಿ ನನ್ನ ಹೆಸರಿಗೆ ಒಂದು ಕಚೇರಿಯಿಂದ ಖಾಕಿ ಲಕೋಟೆ ಬಂತು. ನೋಡಿದ ಕೂಡಲೇ ಇದು ಬಾಕಿಯ ನೋಟೀಸೇ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತು. ಪರೀಕ್ಷೆಯ ಕೆಲಸ ಮುಗಿಯಲಿ, ಆಮೇಲೆ ಒಡೆದು ನೋಡಿದರಾಯಿತೆಂದು ಅದನ್ನು ಫ್ರಿಜ್ಜಿನ ಮೇಲೆ, ಬೇಳೆ ಡಬ್ಬಿಯ ಅಡಿಯಲ್ಲಿ ಇಟ್ಟೆ. ಇಟ್ಟ ಕ್ಷಣ ಎದೆ ಹಗುರಾಯಿತು. ಮರುದಿನ ಬೇಳೆ ತೆಗೆಯಲು ಹೋದಾಗ ಅದರ ಮೂಲೆ ಕಂಡು ಮತ್ತೆ ಎದೆ ಧಸಕ್ಕೆಂದಿತು. ಡಬ್ಬಿಯನ್ನು ಸ್ವಲ್ಪ ಸರಿಸಿ ಮೂಲೆ ಕಾಣದಂತೆ ಮಾಡಿದೆ. ನಾಲ್ಕೈದು ದಿನಗಳಲ್ಲಿ ತೊಗರಿ ಬೇಳೆಯ ಅಡುಗೆಯೇ ನಮ್ಮ ಮನೆಯಲ್ಲಿ ಕಡಿಮೆಯಾಯಿತು. ತೊಗರಿಯ ಕಣಜವೆನಿಸಿಕೊಂಡ ಜಿಲ್ಲೆಯಲ್ಲಿ, ಭೌಗೋಳಿಕ ಗುರುತು ಪಡೆದ ಬೇಳೆಯನ್ನು ಮನೆಯಲ್ಲಿಟ್ಟುಕೊಂಡು, ನಾವು ದಿನಾ ಹೆಸರು ಬೇಳೆ ಉಂಡೆವು. ಹದಿನೇಳನೆಯ ದಿನ ನನ್ನ ಗಂಡ ಡಬ್ಬಿ ಒರೆಸುವಾಗ ಲಕೋಟೆಯನ್ನು ಒಡೆದರು. ವಿಳಾಸದಲ್ಲಿ ಮನೆಯ ನಂಬರು ತಪ್ಪಾಗಿತ್ತು, ತಿದ್ದಿದ್ದೇವೆ, ದಯವಿಟ್ಟು ಗಮನಿಸಿ ಎಂಬ ಎರಡು ಸಾಲು ಅದರಲ್ಲಿತ್ತು.

ಆ ಹದಿನೇಳು ದಿನಗಳಲ್ಲಿ ನಡೆದದ್ದನ್ನು ಬಿಡಿಸಿ ನೋಡಿದರೆ ಆತಂಕದ ಯಂತ್ರ ಪೂರ್ತಿ ಕಾಣುತ್ತದೆ. ಲಕೋಟೆ ಕಂಡಾಗ ಗಾಬರಿ. ಅದನ್ನು ಮರೆಗೆ ಸರಿಸಿದಾಗ ನೆಮ್ಮದಿ. ಆ ನೆಮ್ಮದಿಯೇ ಕೂಲಿಯಾಯಿತು. ಯಾವ ಕೆಲಸಕ್ಕೆ ಕೂಲಿ ಸಿಗುತ್ತದೋ ಅದನ್ನು ಮನಸ್ಸು ಮತ್ತೆ ಮಾಡುತ್ತದೆ, ಹೀಗಾಗಿ ತಪ್ಪಿಸಿಕೊಳ್ಳುವುದು ಚಟವಾಗುತ್ತದೆ. ಅದಕ್ಕಿಂತ ಹೆಚ್ಚಿನ ಹಾನಿಯೆಂದರೆ, ಒಡೆಯದ ಲಕೋಟೆಯಲ್ಲಿ ಏನಿದೆ ಎಂಬುದು ಗೊತ್ತಾಗುವ ಅವಕಾಶವೇ ಇಲ್ಲವಾಗಿ, ನನ್ನ ಭಯ ಸುಳ್ಳೆಂದು ಸಾಬೀತಾಗುವ ದಾರಿಯೂ ಮುಚ್ಚಿಹೋಯಿತು. ಗಣಿತದ ಪುಸ್ತಕವನ್ನು ಚೀಲದ ತಳಕ್ಕೆ ತಳ್ಳಿ ಕನ್ನಡದ ಪದ್ಯವನ್ನು ಹತ್ತನೆಯ ಸಲ ಓದುವ ಹುಡುಗಿಯೂ ಇದನ್ನೇ ಮಾಡುತ್ತಿದ್ದಾಳೆ. ಅವಳು ಸೋಮಾರಿಯಲ್ಲ, ರಾತ್ರಿ ಹನ್ನೊಂದರವರೆಗೆ ಓದುತ್ತಲೇ ಇದ್ದಾಳೆ.

ಇಲ್ಲಿಂದ ಹೊರಬರುವ ದಾರಿ ಧೈರ್ಯದ್ದಲ್ಲ, ಅಳತೆಯದು. ‘ಹೆದರಬೇಡ, ಧೈರ್ಯವಾಗಿ ಓದು’ ಎಂಬ ಮಾತು ಎಷ್ಟು ಪ್ರೀತಿಯಿಂದ ಹೇಳಿದರೂ ಕೆಲಸಕ್ಕೆ ಬಾರದು. ಏಕೆಂದರೆ ಹೆದರಿಕೆ ಅವಳ ಅಪ್ಪಣೆ ಕೇಳಿ ಬಂದದ್ದಲ್ಲ. ಗಣಿತವೆಂಬ ಇಡೀ ಬೆಟ್ಟವನ್ನು ತೋರಿಸದೆ, ಇವತ್ತು ಸಂಜೆ ಹತ್ತು ನಿಮಿಷ, ಒಂದೇ ಅಧ್ಯಾಯದ ಬಿಡಿಸಿದ ಉದಾಹರಣೆ ಒಂದನ್ನು ನೋಡಿಕೊಂಡು ನಕಲು ಮಾಡು ಎನ್ನಬಹುದು. ನಕಲು ಮಾಡುವುದಕ್ಕೆ ಯಾರಿಗೂ ಭಯವಿಲ್ಲ. ನಾಳೆ ಅದೇ ಲೆಕ್ಕವನ್ನು ಕೊನೆಯ ಎರಡು ಮೆಟ್ಟಿಲು ಮುಚ್ಚಿ ಬಿಡಿಸುವುದು. ಎದೆ ಡವಡವ ಎನ್ನುತ್ತಿರುವಾಗಲೇ ಪುಸ್ತಕದ ಮುಂದೆ ಕುಳಿತಿರಬೇಕು, ಬಡಿತ ಇಳಿದ ಮೇಲೆ ಏಳಬೇಕು; ಬಡಿತ ಏರಿದಾಗಲೇ ಎದ್ದರೆ ಆ ದಿನದ ಪಾಠವನ್ನು ಕಲಿತದ್ದು ಭಯವೇ ಹೊರತು ಹುಡುಗಿಯಲ್ಲ. ಇದೇ ಅಳತೆ ನೌಕರರಿಗೂ ಸಲ್ಲುತ್ತದೆ. ಫೈಲು ಮುಗಿಸುತ್ತೇನೆ ಎಂದುಕೊಳ್ಳುವ ಬದಲು ಫೈಲಿನ ದಾರ ಬಿಚ್ಚಿ ಮೊದಲ ಹಾಳೆ ಓದುತ್ತೇನೆ ಎಂದುಕೊಂಡು ಕುಳಿತರೆ ಬಹಳ ಸಲ ಅರ್ಧ ಫೈಲು ಮುಗಿದಿರುತ್ತದೆ.

ಕೆಲವು ಚಿಂತೆಗಳಿಗೆ ಲಕೋಟೆಯೇ ಇರುವುದಿಲ್ಲ. ಫಲಿತಾಂಶ ಏನಾದೀತು, ವರ್ಗಾವಣೆ ಆದೀತೆ, ಮಗಳ ಮದುವೆಯ ಹೊತ್ತಿಗೆ ಚಿನ್ನದ ದರ ಎಲ್ಲಿಗೆ ಹೋದೀತು: ಇವುಗಳಲ್ಲಿ ಈ ಹೊತ್ತು ಮಾಡಬೇಕಾದದ್ದು ಏನೂ ಇಲ್ಲ. ಇಂಥ ಚಿಂತೆಯನ್ನು ಬಿಟ್ಟುಬಿಡು ಎಂದರೆ ಅದು ಬಿಡುವುದಿಲ್ಲ, ಬಾಗಿಲಿಂದ ಅಟ್ಟಿದ ಬೆಕ್ಕು ಕಿಟಕಿಯಿಂದ ಬರುತ್ತದೆ. 1983ರಲ್ಲಿ ಥಾಮಸ್ ಬೋರ್ಕೊವೆಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಗಳೊಂದಿಗೆ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ಚಿಂತೆಗೆಂದೇ ದಿನದಲ್ಲಿ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ ಗೊತ್ತುಮಾಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ‘ನಿನ್ನ ಪಾಳಿ ಸಂಜೆಗೆ’ ಎಂದು ಮುಂದಕ್ಕೆ ಹಾಕಿ ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಗೊತ್ತಾದ ಹೊತ್ತಿನಲ್ಲಿ ಕುಳಿತು ಮನಸಾರೆ ಚಿಂತಿಸುವುದು. ಮೊದಲ ಸಲ ಕೇಳಿದಾಗ ನಗು ಬರುತ್ತದೆ, ನನಗೂ ಬಂದಿತ್ತು. ಮಾಡಿ ನೋಡಿದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: ಸಂಜೆ ಕುಳಿತಾಗ ಬೆಳಗಿನ ಚಿಂತೆಗಳಲ್ಲಿ ಅರ್ಧ ನೆನಪಿಗೇ ಬರುವುದಿಲ್ಲ, ನೆನಪಾದವುಗಳು ಹಗಲಿನಷ್ಟು ದೊಡ್ಡವಾಗಿ ಕಾಣುವುದಿಲ್ಲ. ಇದಕ್ಕೆ ಎರಡು ಷರತ್ತುಗಳಿವೆ. ಹಾಸಿಗೆ ಆ ಜಾಗವಾಗಬಾರದು, ಮಲಗುವ ಮುಂಚಿನ ಗಂಟೆ ಆ ಹೊತ್ತಾಗಬಾರದು.

ದೇಹದ ಮಾತನ್ನು ಬೇಗ ಮುಗಿಸುತ್ತೇನೆ, ಇದು ನೀವು ಬೇರೆಡೆ ಕೇಳಿರುವಂಥದ್ದೇ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿ ತುಸು ನಿಧಾನವಾಗುತ್ತದೆ. ಆದ್ದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡುತ್ತ ಐದು ನಿಮಿಷ ಕುಳಿತರೆ ಮೈ ಸಡಿಲಾಗುತ್ತದೆ. ಚಹಾದ ವಿಷಯದಲ್ಲಿ ನಮ್ಮ ಊರಿನವರಿಗೆ ಬುದ್ಧಿ ಹೇಳುವುದು ಕಷ್ಟ. ಆದರೂ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ ಎಂಬುದನ್ನು ರಾತ್ರಿ ಎಂಟಕ್ಕೆ ನಾಲ್ಕನೆಯ ಕಪ್ಪು ಹಿಡಿಯುವವರು ತಿಳಿದಿರಬೇಕು. ಬಿಸಿಲಿನದು ನಮ್ಮ ಭಾಗದ ವಿಶೇಷ ಸಂಕಟ. ಮಾರ್ಚ್‌ನ ಕೊನೆಗೆ ನೀರು ಕಡಿಮೆ ಕುಡಿದು ಓಡಾಡಿದವರಿಗೆ ಎದೆ ಹಾರುವುದು, ತಲೆ ಸುತ್ತುವುದು, ಸುಸ್ತು ಎಲ್ಲವೂ ಆಗುತ್ತವೆ. ಮೊದಲೇ ಗಾಬರಿಯಲ್ಲಿರುವವರು ಇದನ್ನೂ ಗಾಬರಿಯ ಲೆಕ್ಕಕ್ಕೆ ಸೇರಿಸಿ ಇನ್ನಷ್ಟು ಗಾಬರಿಯಾಗುತ್ತಾರೆ. ಮೊದಲು ಒಂದು ತಂಬಿಗೆ ಮಜ್ಜಿಗೆ ಕುಡಿದು ನೆರಳಲ್ಲಿ ಹತ್ತು ನಿಮಿಷ ಕೂರಿ, ಉಳಿದದ್ದನ್ನು ಆಮೇಲೆ ಯೋಚಿಸಿ.

ಪಾಲಕರೊಂದಿಗೆ ಸ್ವಲ್ಪ ಖಾರವಾಗಿ ಮಾತನಾಡುವುದಿದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಅದರ ಹಿಂದಿನ ವರ್ಷ ಆ ಸ್ಥಾನ ನೆರೆಯ ಯಾದಗಿರಿಯದಾಗಿತ್ತು. ಈ ಅಂಕಿಯ ಅವಮಾನ ಮೇಲಿನವರಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ಶಿಕ್ಷಕರಿಗೆ, ಶಿಕ್ಷಕರಿಂದ ನಿಮಗೆ ಇಳಿದು, ಕೊನೆಗೆ ಹದಿನೈದು ವರ್ಷದ ಒಂದು ಮಗುವಿನ ಊಟದ ತಟ್ಟೆಯ ಮುಂದೆ ಬಂದು ನಿಲ್ಲುತ್ತದೆ. ಜಿಲ್ಲೆಯ ಸ್ಥಾನ ಮೇಲಕ್ಕೆ ತರುವುದು ಆ ಮಗುವಿನ ಕೆಲಸವಲ್ಲ. ಶಿಕ್ಷಕರ ಖಾಲಿ ಹುದ್ದೆಗಳನ್ನು ಅದು ತುಂಬಲಾರದು. ‘ಈ ಸಲ ಫೇಲಾದ್ರ ಜೀವನಾನೇ ಹಾಳು’ ಎಂಬ ಮಾತು ಪ್ರೀತಿಯಿಂದಲೇ ಹೊರಡುತ್ತದೆ ಎಂದು ನನಗೆ ಗೊತ್ತು. ಆದರೆ ಅದು ನಿಜವೂ ಅಲ್ಲ. 2024ರಿಂದ ರಾಜ್ಯದ ಪರೀಕ್ಷಾ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದೆ, ಮೊದಲನೆಯದರಲ್ಲಿ ಉಳಿದ ವಿಷಯವನ್ನು ಅದೇ ಬೇಸಿಗೆಯಲ್ಲಿ ಎರಡನೆಯದರಲ್ಲಿ ಬರೆಯಬಹುದು. ಇದನ್ನು ಮಗುವಿಗೆ ಫಲಿತಾಂಶದ ದಿನ ಸಮಾಧಾನಕ್ಕೆಂದು ಹೇಳಬೇಡಿ, ಪರೀಕ್ಷೆಗೆ ಮೊದಲೇ ಮಾಹಿತಿಯೆಂದು ಹೇಳಿ. ಹಾಗೆ ಹೇಳಿದರೆ ಓದು ಬಿಟ್ಟಾರು ಎಂಬ ನಿಮ್ಮ ಭಯ ನಾನು ಬಲ್ಲೆ. ನನ್ನ ಅನುಭವದಲ್ಲಿ ಓದು ಬಿಡುವವರು ದಾರಿ ಮುಚ್ಚಿತೆಂದುಕೊಂಡವರೇ.

ವರ್ಷದ ಈ ದಟ್ಟಣೆ ಯಾವುದೂ ಹೇಳದೆ ಕೇಳದೆ ಬರುವುದಲ್ಲ ಎಂಬುದನ್ನೂ ಯೋಚಿಸಬೇಕು. ತೊಗರಿ ಬಿತ್ತಿ ಸುಮಾರು ಐವತ್ತು ದಿನಗಳಾದಾಗ ರೈತರು ಗಿಡದ ಕುಡಿ ಚಿವುಟುತ್ತಾರೆ. ಮೇಲಕ್ಕೆ ಏರುತ್ತಿರುವ ತುದಿಯನ್ನು ಕೈಯಾರೆ ತೆಗೆಯುವುದು ನೋಡುವವರಿಗೆ ನಷ್ಟದಂತೆ ಕಂಡರೂ, ಪಕ್ಕದ ಟೊಂಗೆಗಳು ಒಡೆದು ಕಾಯಿ ಹಿಡಿಯುವುದು ಅದರಿಂದಲೇ. ಹೂವು ಬಂದ ಮೇಲೆ ಚಿವುಟಿದರೆ ಬೆಳೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಚಿವುಟುವ ಕಾಲ ಜನವರಿ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದ ಹೊತ್ತು. ಮಾರ್ಚ್‌ನಲ್ಲಿ ಯಾವ ಮದುವೆಗೆ ಯಾರು ಹೋಗುವುದು, ಯಾವುದಕ್ಕೆ ಫೋನಿನಲ್ಲೇ ಹಾರೈಸುವುದು, ಮನೆಗೆ ಸುಣ್ಣ ಬಳಿಸುವುದನ್ನು ಯುಗಾದಿಗೆ ಬೇಡವೆಂದು ದಸರೆಗೆ ಹಾಕುವುದು, ಇವನ್ನು ಆಗಲೇ ಕ್ಯಾಲೆಂಡರಿನ ಮೇಲೆ ಬರೆದುಬಿಡಬೇಕು. ‘ಬರಲಾಗುವುದಿಲ್ಲ’ ಎಂದು ಎರಡು ತಿಂಗಳು ಮೊದಲು ಹೇಳಿದರೆ ಬೀಗರು ಎರಡು ದಿನ ಮುನಿಯುತ್ತಾರೆ. ಹಿಂದಿನ ದಿನ ಹೇಳಿದರೆ ಮುನಿಸು ಮುಂದಿನ ಜಾತ್ರೆಯವರೆಗೆ ಇರುತ್ತದೆ.

ಇಷ್ಟು ಹೊತ್ತು ನಾನು ಹೇಳಿದ್ದು ಕಾಲದೊಂದಿಗೆ ಬಂದು ಕಾಲದೊಂದಿಗೆ ಹೋಗುವ ಆತಂಕದ ಬಗ್ಗೆ. ಮಾರ್ಚ್ ಮುಗಿದು ಮಳೆಗಾಲ ಬಂದರೂ ಇಳಿಯದೆ, ಆರು ತಿಂಗಳಿನಿಂದ ಹೆಚ್ಚುಕಡಿಮೆ ದಿನಾ ಕಾಡುತ್ತ, ನಿದ್ದೆ, ಊಟ, ಕೆಲಸ ಕೆಡಿಸುವ ಆತಂಕ ಕಾಯಿಲೆಯ ಗಡಿ ದಾಟಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಇದ್ದಕ್ಕಿದ್ದಂತೆ ಸತ್ತೇಹೋದೆನೆಂಬಂತೆ ಎದೆ ಹಾರಿ, ಉಸಿರು ಕಟ್ಟಿ, ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯುವ ಪ್ಯಾನಿಕ್ ದಾಳಿಯೂ ಹಾಗೆಯೇ. ಮೊದಲ ಸಲ ಹಾಗಾದವರು ಮಾತ್ರ ಹೃದಯವನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಲೇಬೇಕು, ಇದು ಬರೀ ಟೆನ್ಶನ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಔಷಧದಂಗಡಿಯಲ್ಲಿ ‘ಒಂದು ನಿದ್ದಿ ಗುಳಗಿ ಕೊಡ್ರಿ’ ಎಂದು ಕೇಳುವ ರೂಢಿ ನಮ್ಮಲ್ಲಿದೆ. ಆಲ್ಪ್ರಜೋಲಾಮ್‌ನಂಥ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯವರು ಲೆಕ್ಕ ಬರೆದಿಡಬೇಕೆಂಬ ಕಾನೂನಿದೆ. ಅದಕ್ಕೆ ಕಾರಣ ಅವು ಬೇಗ ಒಗ್ಗಿಹೋಗುತ್ತವೆ, ಬಿಡುವುದು ಕಷ್ಟ. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿಗೆ ದೊಡ್ಡವರ ಗುಳಿಗೆಯಲ್ಲಿ ಅರ್ಧ ಮುರಿದು ಕೊಟ್ಟ ಮನೆಯನ್ನು ನಾನು ಬಲ್ಲೆ. ಮಗು ಮರುದಿನ ಮೇಜಿನ ಮೇಲೆ ತೂಕಡಿಸಿತು.

ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಈಗಿಲ್ಲ. ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ದೊರಕಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮದೇ ಭಾಗದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೆಯಿಂದ ಹೊರಗೆ ಕಾಲಿಡಲು ಸಂಕೋಚವಿದ್ದವರಿಗೆ ಟೆಲಿ ಮಾನಸ್ ಇದೆ: 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರಕಾರಿ ಸೇವೆಯ ಸಂಖ್ಯೆ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಮಕ್ಕಳ ನಿದ್ದೆಯ ಬಗ್ಗೆ ಇದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡಿಸಬೇಡಿ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂದಷ್ಟೇ ಹೇಳಿದೆ. ಕೊನೆಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎದ್ದುನಿಂತು, ‘ಚಿಂತಿ ಮಾಡ್ಲಿಕ್ಕ ಸಂಜಿಗಿ ಅರ್ಧ ತಾಸು ತೆಗದಿಡ್ರಿ ಅಂದ್ರಿ ಅಕ್ಕೋರ, ನಮ್ಮ ಓಣ್ಯಾಗ ಸಂಜಿ ಆರಕ್ಕ ನಳ ಬರ್ತಾವ. ವಾರಕ್ಕ ಒಮ್ಮೆ ಬರ್ತಾವ, ಅದೂ ಯಾವತ್ತ ಅಂತ ಗೊತ್ತಿರಂಗಿಲ್ಲ’ ಎಂದಳು. ಸಭೆ ನಕ್ಕಿತು. ಅವಳು ನಗಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು ಅವಳಿಗೆ. ಹಾಗಾದರೆ ಏಳಕ್ಕೆ ಇಟ್ಟುಕೊಳ್ಳಿ, ನೀರು ಬಂದ ದಿನ ಕೊಡ ತುಂಬಿದ ಮೇಲೆ ಕೂರಿ ಎಂದೆ. ಏಳು ಗಂಟೆಗೆ ಮಗನ ಟ್ಯೂಷನ್ ಇದೆ ಎಂದಳು. ಟ್ಯೂಷನ್ನಿಗೆ ಅವನನ್ನು ಬಿಟ್ಟು ಹೊರಗೆ ಕಾಯುವಿರಲ್ಲ, ಅಲ್ಲಿ ಕೂಡಲು ಕಟ್ಟೆ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಹಾಗೆ ಅವಳ ಜಾಗವೂ ಹೊತ್ತೂ ಗೊತ್ತಾದವು.